ಸದ್ದಿಲ್ಲದ ಮಿಲ್ಲು

ಶಿಡ್ಲಘಟ್ಟದ ಚನ್ನಕೇಶವನ ಹುರಿ ಮಿಲ್ಲಿನಲ್ಲಿ ಕಿವಿ ಕೇಳುವವರಿಗೂ ಕೇಳದವರಿಗೂ ಏನೂ ವ್ಯತ್ಯಾಸವಿರಲಿಲ್ಲ. ರೇಷ್ಮೆ ಎಳೆಗಳಿಗೆ ಹುರಿ ಹಾಕುವ ಆ ಹಳೇ ಮಿಷಿನ್ನುಗಳು ಶೆಡ್ಡಿನ ತಗಡನ್ನೇ ನಡುಗಿಸುತ್ತಿದ್ದವು. ಪಕ್ಕದಲ್ಲೇ ನಿಂತು ಗಂಟಲು ಹರಿದುಕೊಂಡರೂ ಮಾತು ತಲುಪುತ್ತಿರಲಿಲ್ಲ. ಹಾಗಾಗಿ ಹೆಂಗಸರೆಲ್ಲ ಕೈಯಲ್ಲೇ ಮಾತಾಡುತ್ತಿದ್ದರು. ಎಳೆ ಕಡಿದರೆ ಎರಡು ಬೆರಳು ಅಗಲಿಸುವುದು, ಮೇಸ್ತ್ರಿ ಬಯ್ಯಪ್ಪ ಬಂದರೆ ಇಲ್ಲದ ಮೀಸೆ ತಿರುವುವುದು. ಅತ್ತೆಯರ ಮೇಲಿನ ಚಾಡಿಗಂತೂ ಹತ್ತು ಬೆರಳೂ ಸಾಲುತ್ತಿರಲಿಲ್ಲ.

ಮುನಿಲಕ್ಷ್ಮಿ ಬದುಕಿದ್ದು ಅಲ್ಲಿ. ಚಿಕ್ಕವಳಿದ್ದಾಗ ಬಂದ ಜ್ವರ ಅವಳ ಎರಡೂ ಕಿವಿಯನ್ನು ತಗೊಂಡು ಹೋಗಿತ್ತು. ಊರಲ್ಲಿ ಅವಳು ಬರೀ 'ಕಿವುಡಿ', ಗಂಡು ನೋಡಲು ಬಂದವರು ಕಾಫಿ ಕುಡಿದು ಎದ್ದು ಹೋಗುವ ಮನೆಯ ಹುಡುಗಿ. ಮಿಲ್ಲಿಗೆ ಸೇರಿದ ಮೊದಲ ದಿನ ಪಕ್ಕದ ಸಾಲಿನ ಕೊಂಡಮ್ಮ ಕೈಯೆತ್ತಿ, ಊಟ ತಂದಿದ್ದೀಯಾ ಎಂದು ಕೇಳಿದ್ದಳು. ಯಾರೋ ಒಬ್ಬರು ತನ್ನನ್ನು ಮಾತಾಡಿಸಿದರು ಎಂದು ಮುನಿಲಕ್ಷ್ಮಿ ಅವತ್ತು ಕಕ್ಕಸಿಗೆ ಹೋಗಿ ಅತ್ತಳು. ವರ್ಷ ತಿರುಗುವುದರಲ್ಲಿ ಇಡೀ ಮಿಲ್ಲಿಗೆ ಹೊಸ ಹೊಸ ಸನ್ನೆ ಕಲಿಸುವವಳೇ ಅವಳಾದಳು.

ಚಿಕ್ಕಬಳ್ಳಾಪುರ ಜಿಲ್ಲೆಯಾದ ವರ್ಷವೇ ಚನ್ನಕೇಶವ ಹೊಸ ಮಿಷಿನ್ನು ತರಿಸಿದ. ಹಳೆಯವನ್ನು ಒಂದೊಂದೇ ಸಾಲು ಬಿಚ್ಚಿ ಗುಜರಿಗೆ ಹಾಕಿದರು. ಮಿಲ್ಲು ಓಡುವುದು ಮುನಿಲಕ್ಷ್ಮಿಗೆ ಅಂಗಾಲಲ್ಲಿ ಗೊತ್ತಾಗುತ್ತಿತ್ತು. ನೆಲದ ನಡುಕ ವಾರದಿಂದ ವಾರಕ್ಕೆ ಕಡಿಮೆಯಾಯಿತು. ಕೊನೆಗೊಂದು ಬೆಳಗ್ಗೆ ಕಾಲಡಿ ಸತ್ತ ಹಾಗೆ ತಣ್ಣಗಿತ್ತು, ಆದರೆ ಎದುರಿಗೆ ಮಿಷಿನ್ನುಗಳು ತಿರುಗುತ್ತಲೇ ಇದ್ದವು. ಹೆಂಗಸರ ಬಾಯಿ ಆಡುತ್ತಿತ್ತು. ಕೈಗಳು ಸುಮ್ಮನಿದ್ದವು. 

ಅವತ್ತೇ ಇನ್ನೊಂದನ್ನೂ ಅವಳು ಗಮನಿಸಿದಳು. ಎಲ್ಲರೂ ನಕ್ಕು ಮುಗಿಸಿದ ಮೇಲೆ ಕೊಂಡಮ್ಮ ನಗುತ್ತಿದ್ದಳು. ನಗುವ ಮೊದಲು ಸುತ್ತಲಿನ ಮುಖಗಳನ್ನು ನೋಡುತ್ತಿದ್ದಳು. ಹಾಗೆ ನೋಡುವುದು ಯಾರ ಅಭ್ಯಾಸವೆಂದು ಮುನಿಲಕ್ಷ್ಮಿಗೆ ಬೇರೆಯವರು ಹೇಳಬೇಕಿರಲಿಲ್ಲ. ಹಳೇ ಮಿಷಿನ್ನುಗಳು ಹೋಗುವಾಗ ಬರಿಗೈಲಿ ಹೋಗಿರಲಿಲ್ಲ, ಕೊಂಡಮ್ಮನ ಕಿವಿಯನ್ನೂ ತಗೊಂಡು ಹೋಗಿದ್ದವು.

ಹೊಸ ಮಿಷಿನ್ನಿನಲ್ಲಿ ಎಳೆ ಕಡಿದರೆ ಸಣ್ಣ ಸೀಟಿ ಕೂಗುತ್ತದಂತೆ. ಅದು ಕೇಳಿಸದವರನ್ನು ಇಟ್ಟುಕೊಂಡು ಏನು ಮಾಡಲಿ ಎಂದು ಚನ್ನಕೇಶವ ಮೊದಲು ಮುನಿಲಕ್ಷ್ಮಿಯನ್ನೇ ಕರೆದ. ಒರಟನಲ್ಲ ಅವನು. ತಿಂಗಳ ಕೊನೆಯವರೆಗೆ ಗೋಡೆ ಪಕ್ಕ ಕೂತು ಬಾಬಿನ್ನು ಆರಿಸು, ಆಮೇಲೆ ಬೇಡ ಎಂದು ಮೆಲ್ಲಗೆ ತಿಳಿಸಿದ. ತುಟಿ ನೋಡಿ ಮಾತು ತಿಳಿಯುವುದು ಅವಳಿಗೆ ಚಿಕ್ಕಂದಿನಿಂದಲೂ ರೂಢಿ. ಸೀಟಿಯ ಬದಲು ಒಂದು ಸಣ್ಣ ದೀಪ ಹತ್ತುವ ಹಾಗೆ ಮಾಡಬಾರದೇ ಎಂದು ಅವಳು ಕೈಸನ್ನೆಯಲ್ಲಿ ಕೇಳಿದಳು. ಅವನಿಗೆ ಅರ್ಥವಾಗಲಿಲ್ಲ. ಅಷ್ಟು ವರ್ಷ ಮಿಲ್ಲು ನಡೆಸಿದ ಯಜಮಾನನಿಗೆ ತನ್ನ ಮಿಲ್ಲಿನ ಭಾಷೆಯೇ ಬರುತ್ತಿರಲಿಲ್ಲ. ಮಿಕ್ಕವರ ಕಿವಿಯನ್ನು ನಾಳೆ ಗಂಟೆ ಬಾರಿಸಿ ನೋಡುತ್ತೇನೆ, ಕೇಳಿದವರು ಕೈಯೆತ್ತಬೇಕು ಎಂದು ಅವನು ಎಲ್ಲರಿಗೂ ಸಾರಿದ.

ಸಂಜೆ ಬಸ್ ಸ್ಟ್ಯಾಂಡಿನ ಹಿಂದೆ ಕೊಂಡಮ್ಮ ಅವಳ ಕೈ ಹಿಡಿದಳು. ಗಂಡ ಮಲಗಿದಲ್ಲೇ ಇದ್ದಾನೆ, ಈ ಕೆಲಸ ಹೋದರೆ ಮನೆಯಲ್ಲಿ ಒಲೆ ಹತ್ತುವುದಿಲ್ಲ ಎಂದಳು. ಬಯ್ಯಪ್ಪ ಬೆನ್ನ ಹಿಂದೆ ಗಂಟೆ ಅಲ್ಲಾಡಿಸುತ್ತಾನೆ, ಎದುರಿಗೆ ಗೋಡೆ ಪಕ್ಕ ನೀನಿರುತ್ತೀ. ಅವನು ಅಲ್ಲಾಡಿಸಿದ ತಕ್ಷಣ ಸೆರಗಿನಿಂದ ಹಣೆ ಒರೆಸಿಕೋ, ನಾನು ಕೈಯೆತ್ತುತ್ತೇನೆ. ಇಷ್ಟನ್ನೂ ಅವಳು ಹೇಳಿದ್ದು ಬೆರಳಲ್ಲಿ.

ಮುನಿಲಕ್ಷ್ಮಿಗೆ ಒಂದು ಗಳಿಗೆ ಮೈಯೆಲ್ಲ ಉರಿಯಿತು. ನನ್ನನ್ನು ಆಚೆ ಹಾಕುವಾಗ ನೀನು ಬಾಯಿ ಬಿಟ್ಟೆಯಾ? ಆದರೆ ಮೊದಲ ದಿನ ಊಟದ ಮಾತು ಕೇಳಿದ್ದೂ ಇದೇ ಕೈ. ನಾಳೆ ಗಂಟೆಯೇನೋ ಆಯಿತು, ದಿನಾ ಕೂಗುವ ಸೀಟಿಗೆ ಏನು ಮಾಡ್ತೀಯ ಎಂದು ಕೇಳಿದಳು. ಕೊಂಡಮ್ಮ ಬಸ್ಸು ಹತ್ತಿದಳು.

ಮರುದಿನ ಹೆಂಗಸರು ಸಾಲಾಗಿ ನಿಂತರು. ಚನ್ನಕೇಶವ ಬಾಗಿಲ ಬಳಿಯಿದ್ದ. ಬಯ್ಯಪ್ಪ ಹಿಂದಿನಿಂದ ಗಂಟೆ ಅಲ್ಲಾಡಿಸಿದ. ಮುನಿಲಕ್ಷ್ಮಿ ಸೆರಗಿನಿಂದ ಹಣೆ ಒರೆಸಿಕೊಂಡಳು. ಸಾಲಿನ ಎಲ್ಲ ಕೈಗಳೂ ಮೇಲೆದ್ದವು, ಕೊಂಡಮ್ಮನದೂ. ಚನ್ನಕೇಶವ ತಲೆಯಾಡಿಸಿ ಇನ್ನೊಮ್ಮೆ ಎಂದ.

ಶೆಡ್ಡಿನ ತಗಡು ಬಿಸಿಲಿಗೆ ಕಾದಿತ್ತು. ಅಷ್ಟು ಹೊತ್ತು ಬಿಗಿಹಿಡಿದಿದ್ದ ಉಸಿರು ಬಿಡುವಾಗ ಹುಬ್ಬಿನಿಂದ ಬೆವರು ಅವಳ ಕಣ್ಣಿಗೆ ಇಳಿಯಿತು. ಅವಳು ಯೋಚನೆ ಮಾಡದೆ ಒರೆಸಿಕೊಂಡಳು.

ಸಾಲಿನಲ್ಲಿ ಅರ್ಧಕ್ಕರ್ಧ ಕೈಗಳು ಎದ್ದವು.

ಬಯ್ಯಪ್ಪನ ಗಂಟೆ ಅವನ ತೊಡೆಯ ಪಕ್ಕ ಹಾಗೇ ತೂಗುತ್ತಿತ್ತು. ಕೊಂಡಮ್ಮನ ಕೈ ಎದ್ದಿತ್ತು. ಶ್ಯಾಮಲಮ್ಮನದು ಎದ್ದಿತ್ತು. ಮದುವೆಯಾಗಿ ವರ್ಷ ತುಂಬದ ತನುಜಳ ಕೈಯೂ ಎದ್ದಿತ್ತು. ಕೊಂಡಮ್ಮ ಒಬ್ಬಳೇ ಅಂದುಕೊಂಡಿದ್ದಳು ಮುನಿಲಕ್ಷ್ಮಿ. ಇಷ್ಟು ಜನ ಗುಟ್ಟಾಗಿ ತನ್ನ ಹಾಗೆ ಆಗುತ್ತಿದ್ದರೆಂದು ಅವಳಿಗೂ ತಿಳಿದಿರಲಿಲ್ಲ. ಮೊದಲ ಸಲ ಪಕ್ಕದ ಕೈ ನೋಡಿ ಎತ್ತಿದವರು ಆ ಸೆರಗಿನ ಗುರುತನ್ನೂ ಕಲಿತುಬಿಟ್ಟಿದ್ದರು. ತನ್ನ ಸೆರಗೇ ಅವರನ್ನು ಹಿಡಿದುಕೊಟ್ಟಿತ್ತು.

ಚನ್ನಕೇಶವನ ತುಟಿಗಳು ನಿಧಾನವಾಗಿ ಆಡಿದವು.

"ಗಂಟೆ ಎಲ್ಲಿ ಬಾರಿಸಿದ್ರಮ್ಮಾ?"

ಕೈಯೆತ್ತಿದ್ದವರಲ್ಲಿ ಯಾರೂ ಅವನತ್ತ ತಿರುಗಲಿಲ್ಲ. ಅವನು ಏನೋ ಕೇಳಿದನೆಂದು ಪಕ್ಕದವರ ಮುಖ ನೋಡಿ ತಿಳಿದುಕೊಂಡರು, ಏನು ಕೇಳಿದನೆಂದು ತಿಳಿಯಲಿಲ್ಲ. ಕೈಗಳನ್ನು ಇಳಿಸಲೂ ಧೈರ್ಯ ಬರದೆ, ಎಲ್ಲರೂ ಒಟ್ಟಿಗೆ ಮುನಿಲಕ್ಷ್ಮಿಯ ಕಡೆ ನೋಡಿದರು. ಏನಂತೆ ಎಂದು ಕೊಂಡಮ್ಮನ ಹುಬ್ಬು ಕೇಳಿತು.

ಮುನಿಲಕ್ಷ್ಮಿ ಬಾಬಿನ್ನಿನ ಬುಟ್ಟಿ ಕೆಳಗಿಟ್ಟಳು. ಚನ್ನಕೇಶವ ನೋಡುತ್ತಿದ್ದಾನೆಂದು ಗೊತ್ತಿದ್ದೂ ಎರಡೂ ಕೈ ಎತ್ತಿ, ಗಂಟೆ ಬಾರಿಸಿಲ್ಲ ಎಂದು ಅವರಿಗೆ ಹೇಳಿದಳು.