ನನ್ನ ತುಪ್ಪ, ಅವಳ ಕೊಲೆಸ್ಟ್ರಾಲ್

ನನ್ನ ರಕ್ತಪರೀಕ್ಷೆಯ ವರದಿ ಬಂದ ದಿನವೇ ಬೋಳಾರದ ನಮ್ಮ ಮನೆಯಿಂದ ತುಪ್ಪದ ಭರಣಿ ಗಡಿಪಾರಾಯಿತು. ತೀರ್ಪು ಕೊಟ್ಟವರು ಡಾಕ್ಟರು, ಜಾರಿಗೆ ತಂದವಳು ನನ್ನ ಹೆಂಡತಿ. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಅಂಥ ಸಂಕಟಕಾಲದಲ್ಲಿ ತಂಗಿಯ ಮಗಳು ಒಂದು ಭಾನುವಾರ ಊಟಕ್ಕೆ ಬಂದಳು. ಪಿಎಚ್.ಡಿ.ಗೆಂದು ಅವಳು ಬೆನ್ನುಹತ್ತಿದ್ದು ಮಿದುಳಿನ ಜೀವಕೋಶಗಳ ಪೊರೆಯಲ್ಲಿರುವ ಕೊಲೆಸ್ಟ್ರಾಲನ್ನು. ಮುಂದಿನ ವಾರ ಪರೀಕ್ಷಕರೆದುರು ಮಾತಾಡಬೇಕು. ಅವಳಿಗೋ ನಾಲ್ಕು ಜನ ಕಂಡರೆ ನಾಲಗೆ ಅಂಟಿಕೊಳ್ಳುತ್ತದೆ. ಹಿಂದೊಮ್ಮೆ ಸೆಮಿನಾರಿನಲ್ಲಿ ಅರ್ಧಕ್ಕೇ ಕೂತುಬಿಟ್ಟಿದ್ದಳಂತೆ. ಅಳಿಯಸಂತಾನದ ನಮ್ಮ ಕುಟುಂಬಗಳಲ್ಲಿ ಇಂಥದ್ದೆಲ್ಲ ಸೋದರಮಾವನ ಮುಂದೆ ಬರಬೇಕೆಂಬುದು ಹಳೆಯ ಕಟ್ಟಳೆ. ಜಮೀನು ಹೋಗಿ ಬಹುಕಾಲವಾಯಿತು, ಉಳಿದದ್ದು ಈ ಅಧಿಕಾರವೊಂದೇ. ಹಾಗಾಗಿ ಊಟದ ಮೇಜನ್ನೇ ಸಭೆಯೆಂದು ಘೋಷಿಸಿ, ಅವಳಿಗೆ ಮಾತಾಡಲು ಅಪ್ಪಣೆ ಕೊಟ್ಟೆ.

ಕೋಶದ ಪೊರೆಯೆಂದರೆ ಪಂಪ್‌ವೆಲ್‌ಗೆ ಹೊರಟ ಸಿಟಿ ಬಸ್ಸೆಂದು ತಿಳಿಯಬೇಕಂತೆ. ನೂಕುನುಗ್ಗಲಿನಲ್ಲಿ ನಿಂತ ಕಂಡಕ್ಟರನೇ ಗ್ರಾಹಕ ಎಂಬ ಪ್ರೋಟೀನು. ಹೊರಗಿನಿಂದ ಬರುವ ಸೆರೊಟೋನಿನ್ ಎಂಬ ಸಂದೇಶವನ್ನು ಅವನು ಕೈಚಾಚಿ ಹಿಡಿಯಬೇಕು. ಅವನಿಗೆ ಒತ್ತಿ ನಿಂತ ದಪ್ಪ ಪ್ರಯಾಣಿಕನೇ ಕೊಲೆಸ್ಟ್ರಾಲು. ಆತ ಇಳಿದುಹೋದರೆ ತಿರುವಿನಲ್ಲಿ ಕಂಡಕ್ಟರನ ನಿಲುವು ಕೆಟ್ಟು, ಸಂದೇಶ ಕೈಗೆ ಸರಿಯಾಗಿ ಸಿಗುವುದಿಲ್ಲ.

ನಾನು ಕೂಡಲೇ ತುಪ್ಪವನ್ನು ವಾಪಸು ಕರೆಸುವ ನಿರ್ಣಯ ಮಂಡಿಸಿದೆ. ಮನೆಯ ಯಜಮಾನನ ಮಿದುಳಿನಲ್ಲಿ ಕಂಡಕ್ಟರುಗಳು ಮುಗ್ಗರಿಸುವಾಗ ಸುಮ್ಮನಿರುವುದು ಧರ್ಮವಲ್ಲ ಎಂದೂ ಸೇರಿಸಿದೆ.

ಸಾರು ಬಡಿಸುತ್ತಿದ್ದ ಹೆಂಡತಿ ಸೌಟು ಎತ್ತಿಹಿಡಿದು, "ಅಲ್ಲ ಮಾರಾಯ್ತಿ, ಇವರು ತಿಂದ ತುಪ್ಪ ಆ ಬಸ್ಸು ಹತ್ತುದುಂಟಾ?" ಎಂದಳು.

"ಇಲ್ಲ ಮಾಮಿ. ಮಿದುಳು ತನಗೆ ಬೇಕಾದ್ದನ್ನು ಹೆಚ್ಚುಕಮ್ಮಿ ತಾನೇ ಒಳಗೆ ಮಾಡಿಕೊಳ್ತದೆ. ಮಾವ ತಿಂದದ್ದು ಮಾವನ ರಕ್ತನಾಳಕ್ಕೇ."

ನಿರ್ಣಯ ಬಿದ್ದುಹೋಯಿತು. ಆದರೆ ಅವಳ ನಾಲಗೆ ಎಲ್ಲಿಯೂ ಅಂಟಿರಲಿಲ್ಲ. ಸೋತ ದುಃಖದಲ್ಲಿಯೂ ನಾನು ಅದನ್ನು ಗಮನಿಸಿದೆ.

ಪರೀಕ್ಷೆಯ ದಿನ ನಾವಿಬ್ಬರೂ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಅವಳ ಸ್ವರ ಸಣ್ಣದಾಗುತ್ತ ಆಗುತ್ತ ಪರದೆಯ ಚಿತ್ರಗಳಿಗಷ್ಟೇ ಕೇಳುವಂತಾಯಿತು. ಆಗ ಬಿಳಿ ಮೀಸೆಯ ಪರೀಕ್ಷಕರೊಬ್ಬರು, ನಾವು ತಿನ್ನುವ ಕೊಬ್ಬು ಈ ಗ್ರಾಹಕಗಳವರೆಗೆ ತಲುಪುತ್ತದೆಯೇ ಎಂದು ಇಂಗ್ಲಿಷಿನಲ್ಲಿ ಗಂಭೀರವಾಗಿ ಕೇಳಿದರು. ಅವಳು ಹಿಂದಿನ ಸಾಲಿನತ್ತ, ನಮ್ಮ ಕಡೆ ನೋಡಿದಳು. ಹೆಂಡತಿ ನನ್ನ ಮೊಣಕೈ ಹಿಡಿದುಕೊಂಡಳು.

"ಇಲ್ಲ ಮಾಮಿ," ಎಂದಳು ಹುಡುಗಿ, ಆ ಮೀಸೆಗೆ.

ಸಭೆ ನಕ್ಕಿತು. ಪರೀಕ್ಷಕರು ಮೀಸೆಯನ್ನೊಮ್ಮೆ ಮುಟ್ಟಿ ನೋಡಿಕೊಂಡು, ಮುಂದುವರಿಸು ಎಂಬಂತೆ ಕೈಮಾಡಿದರು. ಅವಳಿಗೂ ನಗು ಬಂತು. ಆಮೇಲೆ ಬಸ್ಸು ಯಾವ ಸ್ಟಾಪಿನಲ್ಲಿಯೂ ನಿಲ್ಲಲಿಲ್ಲ.

ಮರುದಿನ ಮಧ್ಯಾಹ್ನ ಅವಳ ಗೌರವಕ್ಕೆ ನಮ್ಮಲ್ಲಿ ತುಪ್ಪ ಸುರಿದ ಕೋಳಿ ಘೀ ರೋಸ್ಟ್. ಹೆಂಡತಿ ಅವಳ ತಟ್ಟೆ ತುಂಬಿಸಿ, ನನಗೆ ಸಾರು ಬಡಿಸಿದಳು. ನನ್ನ ಕಂಡಕ್ಟರುಗಳನ್ನು ವಿನಯದಿಂದ ನೆನಪಿಸಿದೆ.

"ನಿಮಗೆ ಒಳಗೇ ತಯಾರಾಗ್ತದಲ್ಲ," ಎಂದಳು ಹೆಂಡತಿ.

ತಂಗಿಯ ಮಗಳ ಕಡೆ ನೋಡಿದೆ. ಈಗ ಅವಳೂ ಡಾಕ್ಟರು, ತೀರ್ಪನ್ನು ಎತ್ತಿಹಿಡಿದಳು.