ಯಾವ ಬೇಜಾರು ಎಂದು ಕೇಳುತ್ತಿದ್ದ ಸುಮತಿ ಅತ್ತೆ

ಸುಮತಿ ಅತ್ತೆಯ ಎದುರು ‘ಬೇಜಾರು’ ಎಂದು ಹೇಳಿ ನಮ್ಮ ಮನೆಯಲ್ಲಿ ಯಾರೂ ಸುಲಭವಾಗಿ ಪಾರಾಗುವಂತಿರಲಿಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು, ಕನ್ನಡಕವನ್ನು ಹಣೆಗೇರಿಸಿ, "ಯಾವ ಬೇಜಾರು?" ಎಂದು ಕೇಳುತ್ತಿದ್ದಳು. "ಸುಸ್ತಿನ ಬೇಜಾರಾ, ಸಿಟ್ಟಿನ ಬೇಜಾರಾ, ಯಾರೂ ಮಾತಾಡ್ಸಲಿಲ್ಲ ಅನ್ನೋ ಬೇಜಾರಾ? ಎಲ್ಲಾ ಒಂದೇ ಚೀಲಕ್ಕೆ ತುಂಬ್ಕೊಂಡು ಬಂದ್ರೆ ನಂಗೆ ಹ್ಯಾಗೆ ಗೊತ್ತಾಗ್ಬೇಕು?"

ಒಮ್ಮೆ ನಾನು ಮುಖ ಊದಿಸಿಕೊಂಡು ಶಾಲೆಯಿಂದ ಬಂದಾಗ ಹೀಗೇ ಕೇಳುತ್ತ ಕೇಳುತ್ತ, ಅದು ಗೆಳತಿಯ ಹಾಡಿಗೆ ಬಹುಮಾನ ಬಂದ ಹೊಟ್ಟೆಕಿಚ್ಚು ಎಂದು ನನ್ನ ಬಾಯಿಂದಲೇ ಹೊರಡಿಸಿದಳು. ಬೈಯುತ್ತಾಳೆಂದುಕೊಂಡೆ. "ಸರಿ, ಅಂದ್ರೆ ನಿಂಗೂ ಹಾಡು ಕಲೀಬೇಕು ಅಂತಿದೆ" ಎಂದವಳೇ ಮರುವಾರ ನನ್ನನ್ನು ಹಾಡು ಕಲಿಸುವವರ ಮನೆಗೆ ಕರೆದೊಯ್ದಳು.

ಅತ್ತೆ ಅಪ್ಪನ ತಂಗಿ. ಮದುವೆಯಾದ ಎರಡನೇ ವರ್ಷಕ್ಕೇ ಗಂಡ ತೀರಿಕೊಂಡು, ಹೊಸನಗರದ ನಮ್ಮ ಮನೆಗೆ ವಾಪಸು ಬಂದವಳು. ಆಮೇಲೆ ಹಟ ಹಿಡಿದು ಮೈಸೂರಿಗೆ ಹೋಗಿ ಟ್ರೈನಿಂಗ್ ಮುಗಿಸಿ, ನಮ್ಮೂರ ಶಾಲೆಗೇ ಟೀಚರಾದಳು. ಟ್ರೈನಿಂಗಿನಲ್ಲಿ ಪಾಠ ಮಾಡುವ ಕ್ರಮದ ಜೊತೆಗೆ ಮನಃಶಾಸ್ತ್ರವನ್ನೂ ಹೇಳಿಕೊಟ್ಟಿದ್ದರಂತೆ. ಐವತ್ತರ ದಶಕದ ಹೊಸನಗರದಲ್ಲಿ ಆ ಪದವನ್ನು ಕೇಳಿದವರೇ ಕಡಿಮೆ. ಬಟ್ಟೆ ಅಂಗಡಿ ಇಟ್ಟಿದ್ದ ಅಪ್ಪನಂತೂ, "ನಮ್ಮ ಸುಮತಿ ಮೈಸೂರಲ್ಲಿ ಮನಸ್ಸು ಓದ್ಕೊಂಡು ಬಂದಿದಾಳೆ, ಹುಷಾರು" ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಒಂದು ರಜೆಯ ದಿನ ಅತ್ತೆ ಅಂಗಡಿಯಲ್ಲಿ ಸುಮ್ಮನೆ ಕೂತು ಅಪ್ಪನನ್ನೇ ನೋಡಿದಳು. ಅಪ್ಪನಿಗೆ ನಸ್ಯದ ಚಟ. ಸೀನಿ ಸೀನಿ ಎದುರಿನ ಬಟ್ಟೆಯೆಲ್ಲ ಹಾಳು. ಸಂಜೆ ಅತ್ತೆ ಹೇಳಿದಳು: "ಅಣ್ಣ, ಗಿರಾಕಿ ‘ಜಾಸ್ತಿ ಆಯ್ತು’ ಅಂದ ಕೂಡ್ಲೇ ನಿನ್ನ ಕೈ ಡಬ್ಬಿಗೆ ಹೋಗತ್ತೆ. ನಿಂಗೆ ಬೇಕಾಗಿರೋದು ನಸ್ಯ ಅಲ್ಲ. ಉತ್ತರ ಹೊಳಿಯೋ ತನಕ ಕೈಗೊಂದು ಕೆಲಸ. ಆವಾಗ ಬಟ್ಟೆ ಮಡಚು ನೋಡಾಣ." ಡಬ್ಬಿ ಮೇಲಿನ ಅಟ್ಟಕ್ಕೆ ಹೋಯಿತು. ಗೊಣಗುತ್ತಲೇ ಅಪ್ಪ ಬಟ್ಟೆ ಮಡಚತೊಡಗಿದರು. ಅದನ್ನು ಕಂಡ ಗಿರಾಕಿಗಳು, ಇವರಿಗೆ ಕೊಡುವ ಮನಸ್ಸೇ ಇಲ್ಲವೆಂದುಕೊಂಡು ಗಾಬರಿಯಾಗಿ ಹೇಳಿದ ಬೆಲೆಗೇ ಒಪ್ಪುತ್ತಿದ್ದರು! ರಾತ್ರಿ ಮಲಗುವ ಮುಂಚಿನ ಒಂದು ಚಿಟಿಕೆಯನ್ನು ಮಾತ್ರ ಅಪ್ಪ ಕಡೆತನಕ ಬಿಡಲಿಲ್ಲ. ಅತ್ತೆಯೂ ಅದನ್ನು ಕೆದಕಲಿಲ್ಲ.

ಆದರೆ ಅತ್ತೆ ಎಂಥವಳೆಂದು ನನಗೆ ನಿಜವಾಗಿ ತಿಳಿದದ್ದು ಅಮ್ಮನ ವಿಷಯದಲ್ಲಿ.

ಹಿಂದೊಮ್ಮೆ ತೀರ್ಥಹಳ್ಳಿಯಿಂದ ಬರುವಾಗ ಅಮ್ಮನಿದ್ದ ಬಸ್ಸು ರಸ್ತೆ ಪಕ್ಕದ ತಗ್ಗಿಗೆ ಮಗುಚಿಕೊಂಡಿತ್ತು. ಯಾರಿಗೂ ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ಜನರ ಅಡಿಗೆ ಸಿಕ್ಕಿಕೊಂಡಿದ್ದ ಅಮ್ಮನನ್ನು ಕಿಟಕಿಯಿಂದ ಎಳೆದು ತೆಗೆಯಬೇಕಾಯಿತು. ಅಂದಿನಿಂದ ಅಮ್ಮ ಬಸ್ಸು ಹತ್ತಿದವಳಲ್ಲ. "ಆ ಹೊಗೆ ನಂಗೆ ಆಗಲ್ಲ, ತಲೆ ಸುತ್ತತ್ತೆ" ಎನ್ನುತ್ತಿದ್ದಳು. ನಾವೆಲ್ಲ ನಂಬಿದ್ದೆವು.

ಹಾಗಿರುವಾಗ ಸಾಗರದಲ್ಲಿದ್ದ ಅಕ್ಕ ಚೊಚ್ಚಲ ಬಸುರಿಯಾದಳು. ತವರಿಗೆ ಕರೆತರಬೇಕೆಂದಿದ್ದಾಗ ಡಾಕ್ಟರು, ಅಲುಗಾಡುವಂತಿಲ್ಲ, ಪ್ರಯಾಣ ಬೇಡವೇ ಬೇಡ ಎಂದುಬಿಟ್ಟರು. ಅಕ್ಕನ ಗಂಡನ ಮನೆಯಲ್ಲಿ ಅತ್ತೆ ಮಾವ ಇರಲಿಲ್ಲ. "ಅಮ್ಮನ್ನ ಕಳಿಸಿ" ಎಂದು ಭಾವ ಬಂದು ಕೇಳಿಕೊಂಡರು. ಅಮ್ಮ ತಲೆ ತಗ್ಗಿಸಿ ಹೊಗೆಯ ಮಾತನ್ನೇ ಆಡಿದಳು.

ಭಾವ ಹೋದ ಮೇಲೆ ಅತ್ತೆ ಅಡುಗೆಮನೆಗೆ ಹೋಗಿ ಅಮ್ಮನ ಪಕ್ಕ ಕೂತಳು. "ಅತ್ತಿಗೆ, ಹೊಗೇನಾ?"

ಅಮ್ಮ "ಹೆದರಿಕೆ ಸುಮತಿ. ಹಾರ್ನ್ ಕೇಳಿದ್ರೂ ಕೈ ತಣ್ಣಗಾಗತ್ತೆ" ಎಂದು ಸೆರಗು ಮುಖಕ್ಕೊತ್ತಿಕೊಂಡಳು.

"ಹಂಗಾದ್ರೆ ಹೆದರಿಕೆಗೇ ಔಷಧಿ ಮಾಡಾಣ. ಹೆರಿಗೆಗೆ ಇನ್ನೂ ಟೈಮಿದೆ."

ಜೈನರಾದ ನಮ್ಮಲ್ಲಿ ಹೊತ್ತು ಮುಳುಗುವ ಮೊದಲೇ ಊಟ. ಊಟ ಮುಗಿಸಿ ಅಮ್ಮ, ಅತ್ತೆ, ನಾನು ಮೂವರೂ ದಿನಾ ಬಸ್ ಸ್ಟ್ಯಾಂಡಿಗೆ ಹೋಗತೊಡಗಿದೆವು. ಮೊದಲು ಎದುರಿನ ಕಟ್ಟೆಯ ಮೇಲೆ ಕೂತು ನಿಂತ ಬಸ್ಸನ್ನು ನೋಡುವುದಷ್ಟೇ. ಆಮೇಲೆ ಹತ್ತಿರ ಹೋಗಿ ಮುಟ್ಟುವುದು. ಆಮೇಲೆ ಖಾಲಿ ಬಸ್ಸಿನಲ್ಲಿ ಕೂತುಕೊಳ್ಳುವುದು. ಸಾಗರದ ಬಸ್ಸಿನ ಡ್ರೈವರ್ ಹಸನ್ ಸಾಬರಿಗೆ ಅತ್ತೆ ಎಲ್ಲ ಬಿಡಿಸಿ ಹೇಳಿದ್ದಳು. "ಕೂತ್ಕಳ್ಳಿ ಅಮ್ಮ, ನಿಮ್ದೇ ಬಸ್ಸು ಅನ್ಕಳ್ಳಿ" ಎಂದು ಅವರು ಬೀಡಿ ಹಚ್ಚಿಕೊಂಡು ದೂರ ಹೋಗಿ ನಿಲ್ಲುತ್ತಿದ್ದರು.

ಪೇಟೆಯ ಜನ ನಕ್ಕರು. ಎಲ್ಲಿಗೂ ಹೋಗದ ಬಸ್ಸಿನಲ್ಲಿ ಬಟ್ಟೆ ಅಂಗಡಿ ಸೇಟು ಹೆಂಡತಿ ದಿನಾ ಕೂತು ಬರುತ್ತಾಳೆಂದು ನಮ್ಮ ಅಂಗಡಿಯಲ್ಲೇ ಆಡಿಕೊಂಡರು. ಅಪ್ಪ ಸಿಟ್ಟಿನಿಂದ ಮನೆಗೆ ಬಂದು, "ಮರ್ಯಾದೆ ಹೋಗ್ತಾ ಇದೆ. ನಿಲ್ಸು ಇದನ್ನ" ಎಂದರು.

"ನಗೋರು ಸಾಗರಕ್ಕೆ ಹೋಗಿ ಬಾಣಂತನ ಮಾಡ್ತಾರಾ ಅಣ್ಣ? ಕೇಳ್ಕೊಂಡು ಬಾ, ನಿಲ್ಸ್ತೀನಿ" ಎಂದಳು ಅತ್ತೆ. ಅಪ್ಪ ಅಂಗಡಿಗೆ ವಾಪಸು ಹೋದರು.

ಹಸನ್ ಸಾಬರು ಎಂಜಿನ್ ಶುರು ಮಾಡಿದ ಸಂಜೆ ಎಲ್ಲ ಕೆಟ್ಟಿತು. ಬಸ್ಸು ನಡುಗಿದ್ದೇ ಅಮ್ಮ ಚಪ್ಪಲಿಯನ್ನೂ ಬಿಟ್ಟು ಇಳಿದು ಓಡಿದಳು. "ನನ್ನ ಕೈಲಾಗಲ್ಲ, ಬಿಟ್ಬಿಡು ಮಾರಾಯ್ತಿ" ಎಂದು ಅತ್ತಳು. ಅತ್ತೆ ಅವಳನ್ನು ಮನೆಗೆ ಹೋಗಗೊಡಲಿಲ್ಲ. ಕಟ್ಟೆಯ ಮೇಲೆ ಕೂರಿಸಿ ಕೈ ಹಿಡಿದುಕೊಂಡಳು. "ಹೆದರಿಕೆ ಏರತ್ತೆ ಅತ್ತಿಗೆ, ಹಂಗೇ ಇಳಿಯತ್ತೆ. ಇಳಿಯೋದನ್ನ ನೋಡ್ಕೊಂಡೇ ಹೋಗಾಣ. ಏರಿದಾಗ್ಲೇ ಓಡಿಹೋದ್ರೆ ಅದು ಇಳೀತು ಅನ್ನೋದು ನಿಮಗೆ ಯಾವತ್ತೂ ಗೊತ್ತಾಗಲ್ಲ." ಕತ್ತಲಾಗುವವರೆಗೆ ಕೂತೆವು. ಅಮ್ಮನ ಉಸಿರು ನಿಧಾನವಾಯಿತು. ಮರುದಿನ ನಾವು ಕರೆಯುವ ಮೊದಲೇ ಅಮ್ಮ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದಳು.

ಎಂಜಿನ್ನಿನ ಸದ್ದು ರೂಢಿಯಾಯಿತು. ಪಕ್ಕದ ಊರಿನವರೆಗೆ ಬಸ್ಸಿನಲ್ಲಿ ಹೋಗಿ ನಡೆದು ಬಂದದ್ದೂ ಆಯಿತು. ಕೊನೆಗೆ ಅಕ್ಕನಿಗೆ ದಿನ ತುಂಬಿತೆಂಬ ಸುದ್ದಿ ಬಂದಾಗ ಅತ್ತೆ ಹೇಳಿದ್ದು ಕೇಳಿ ನಾನು ಕಂಗಾಲಾದೆ. "ನಾನು ಬರಲ್ಲ. ನಾನು ಬಂದ್ರೆ ಧೈರ್ಯ ನಂದು ಅನ್ಕೊಳ್ತೀರಿ. ಅದು ನಿಮ್ದೇ ಅತ್ತಿಗೆ, ನಿಮ್ಮ ಜೊತೆಗೇ ತಗೊಂಡು ಹೋಗಿ."

ಅಮ್ಮನ ಜೊತೆ ನಾನು ಹೋದೆ. ಒಂದು ತಿರುವಿನಲ್ಲಿ ಬಸ್ಸು ವಾಲಿತು. ಅಮ್ಮ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಳು. ಆಮೇಲೆ ಅಕ್ಕಪಕ್ಕದವರಿಗೆ ಕೇಳುವಂತೆಯೇ, "ಏರ್ತಾ ಇದೆ. ಏರಲಿ. ಇಳಿಯತ್ತೆ" ಎಂದಳು. ಸಾಗರ ಬರುವವರೆಗೂ ಕಣ್ಣು ಮುಚ್ಚಲಿಲ್ಲ.

ಅಕ್ಕನಿಗೆ ಹೆಣ್ಣು ಮಗುವಾಯಿತು. ಕಷ್ಟದ ಹೆರಿಗೆ, ಅಮ್ಮನ ಕೈ ಹಿಡಿದುಕೊಂಡೇ ಹೆತ್ತಳು. ನೋಡಲು ಬಂದವರಿಗೆಲ್ಲ ಅಮ್ಮ ಮಗುವನ್ನು ತೋರಿಸುವ ಮೊದಲು, "ನಾನು ಬಸ್ಸಲ್ಲೇ ಬಂದೆ" ಎನ್ನುತ್ತಿದ್ದಳು. ಇತ್ತ ಹೊಸನಗರದಲ್ಲಿ ಅಪ್ಪ, ಗಿರಾಕಿ ಕೇಳಲಿ ಬಿಡಲಿ, "ನನ್ನ ತಂಗಿ ಮಾಡಿದ ಕೆಲಸ" ಎಂದು ಇಡೀ ಕತೆ ಹೇಳಿಯೇ ಬಟ್ಟೆ ಅಳೆಯುತ್ತಿದ್ದರಂತೆ.

ಮುಂದೆ ಅತ್ತೆಗೆ ತೀರ್ಥಹಳ್ಳಿಗೆ ವರ್ಗವಾಯಿತು. ನಾನೂ ಟ್ರೈನಿಂಗಿಗೆ ಹೊರಟಾಗ ಆಶೀರ್ವಾದ ಕೇಳಲು ಅಲ್ಲಿಗೆ ಹೋದೆ. ಇಬ್ಬರೂ ತುಂಗೆಯ ದಡದಲ್ಲಿ ಕೂತಿದ್ದೆವು. ಅವಳ ಬಗ್ಗೆಯೇ ಎಂದೂ ಕೇಳದಿದ್ದುದನ್ನು ಅಂದು ಕೇಳಿದೆ: "ಮಾವ ಹೋದಾಗ ನಿನ್ನ ಪಕ್ಕ ಯಾರು ಕೂತಿದ್ರು ಅತ್ತೆ?"

"ಮನೆ ತುಂಬ ಜನ ಇದ್ರು. ಎಲ್ಲರೂ ಹಣೆಬರಹ ಅಂದ್ರು. ನಿಂಗೇನಾಗ್ತಿದೆ ಅಂತ ಯಾರೂ ಕೇಳ್ಲಿಲ್ಲ. ಅದಕ್ಕೇ ಕೇಳೋದು ಕಲ್ತೆ. ಈಗ್ಲೂ ದೀಪ ಹಚ್ಚೋ ಹೊತ್ತಿಗೆ ಒಂಥರಾ ಆಗತ್ತೆ ಕಣೇ. ಆವಾಗ ಪಕ್ಕದ್ಮನೆ ಮಕ್ಕಳನ್ನ ಕರ್ದು ಮಗ್ಗಿ ಹೇಳ್ಸ್ತೀನಿ. ಗಲಾಟೆ ಬೇಕು ನಂಗೆ ಆ ಹೊತ್ತಲ್ಲಿ."

ಅದೇ ಕೊನೆಯ ಭೇಟಿ. ಆ ಮಳೆಗಾಲದಲ್ಲಿ ವಿಷಮಶೀತ ಜ್ವರ ಅವಳನ್ನು ಕೊಂಡೊಯ್ದಿತು.

ಕಾರ್ಯ ಮುಗಿಸಿಕೊಂಡು ಟ್ರೈನಿಂಗಿಗೆ ಮರಳಿದ ವಾರವೇ ಮೇಷ್ಟ್ರು ಹೊಸ ವಿಷಯ ಶುರು ಮಾಡಿದರು. "ಮನಃಶಾಸ್ತ್ರ ಅಂದ್ರೇನು ಅಂತ ಯಾರಿಗಾದ್ರೂ ಗೊತ್ತಾ?" ಇಡೀ ಕ್ಲಾಸಿನಲ್ಲಿ ಎದ್ದು ನಿಂತವಳು ನಾನೊಬ್ಬಳೇ.

"ಎಲ್ಲಿ ಓದಿದ್ದೀಯಮ್ಮ?"

"ಓದಿಲ್ಲ ಸಾರ್" ಎಂದೆ. "ನಮ್ಮ ಮನೇಲಿ ನೋಡಿದೀನಿ."