ಬೆಕ್ಕನ್ನು ಓಡಿಸದ ಯಜಮಾನಿ

ತಮ್ಮನಿಗೆ ತಿರುವನಂತಪುರದಿಂದ ಕೊಚ್ಚಿಗೆ ವರ್ಗವಾದ ವರ್ಷ ಅವನ ಹೆಂಡತಿ ಮಟ್ಟಾಂಚೇರಿಯ ಅಂಗಡಿಯಿಂದ ಒಂದು ಪಟ ತಂದಳು. ಹಿಂದೆ ಇಲ್ಲಿ ಕೋಟೆ ಕಟ್ಟಿಕೊಂಡಿದ್ದ ಡಚ್ಚರ ನಾಡಿನ ಹಳೇ ಚಿತ್ರವಂತೆ. ಒಂದು ಅಡುಗೆಮನೆ. ಕೆಲಸದವಳು ಕೆನ್ನೆಗೆ ಕೈಕೊಟ್ಟು ನಿದ್ದೆ ಹೋಗಿದ್ದಾಳೆ. ತೊಳೆಯದ ಪಾತ್ರೆಗಳು ನೆಲದ ಮೇಲೆ. ಬೆಕ್ಕು ಮೀನಿನ ತಟ್ಟೆಗೆ ಬಾಯಿ ಹಾಕಿದೆ. ಪಕ್ಕದಲ್ಲಿ ನಿಂತ ಯಜಮಾನಿ ಮಲಗಿದವಳ ಕಡೆ ಕೈ ತೋರಿಸುತ್ತ, ನೋಡುವವರ ಕಡೆ ತಿರುಗಿ ನಗುತ್ತಿದ್ದಾಳೆ.

"ಅತ್ತಿಗೆ, ಈ ನಿದ್ದೆ ಹೋದವಳು ಯಾರು ಹೇಳಿ ನೋಡೋಣ?"

"ನನಗೇನು ಗೊತ್ತು?"

"ನೀವೇ!" ಎಂದು ಹೇಳಿ ಅದನ್ನು ಅಡುಗೆಮನೆಗೆ ಕಾಣುವ ಹಾಗೆ ಊಟದ ಮೇಜಿನ ಹಿಂದೆ ತೂಗುಹಾಕಿದಳು.

ಗಂಡ ಸತ್ತ ಮೇಲೆ ತಮ್ಮನ ಮಗಳನ್ನು ನೋಡಿಕೊಳ್ಳಲು ಬಂದವಳು ನಾನು. ಬಂದವಳು ಅಡುಗೆಗೂ ನಿಂತೆ. ಬೆಳಕು ಹರಿಯುವ ಮೊದಲು ಎದ್ದರೆ, ಮಧ್ಯಾಹ್ನ ಎಲ್ಲರ ಎಂಜಲು ತೆಗೆದ ಮೇಲೆ ಅಡುಗೆಮನೆಯ ನೆಲದಲ್ಲೇ ಮಣೆ ತಲೆಗಿಟ್ಟುಕೊಂಡು ಒಂದು ಗಳಿಗೆ ಬಿದ್ದುಕೊಳ್ಳುತ್ತಿದ್ದೆ. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ಪಟ ಬಂದ ಮೇಲೆ ಅದೂ ತಮಾಷೆಯಾಯಿತು. ನಾನು ಒರಗಿದರೆ ಸಾಕು, ಹುಡುಗಿ "ಅತ್ತೆ ಉರಂಗಿ" ಎಂದು ಮಲಯಾಳದಲ್ಲಿ ಕೂಗುವಳು, ಅತ್ತೆ ಮಲಗಿದಳು ಅಂತ. ತಾಯಿ ಬಾಗಿಲಿಗೆ ಬಂದು ಆ ಯಜಮಾನಿಯ ಹಾಗೇ ಕೈ ತೋರಿಸುವಳು.

ಭಾನುವಾರ ಇಲ್ಲಿನ ಕನ್ನಡದವರು ಇಸ್ಪೀಟಿಗೆ ಸೇರುತ್ತಿದ್ದರು. ಒಂದು ಸಲ ನಾನು ಬಜ್ಜಿ ತಂದಿಟ್ಟಾಗ ನಿವೃತ್ತ ಮೇಷ್ಟ್ರೊಬ್ಬರು ಪಟದ ಅರ್ಥ ಹೇಳುತ್ತಿದ್ದರು. "ಸೋಮಾರಿತನ ಪಾಪ ಅಂತ ಆ ಜನ ನಂಬಿದ್ರು. ಮನೇಲಿ ಹೀಗೆ ತೂಗುಹಾಕ್ಕೊಂಡು ಬುದ್ಧಿ ಕಲೀತಿದ್ರು." ಹೇಳುವಾಗ ಕೈಯಲ್ಲಿ ಎಲೆ ಹಿಡಿದೇ ಇದ್ದರು.

"ಆ ಯಜಮಾನಿ ಕೈಗೇನು ಲಕ್ವ ಹೊಡೆದಿದೆಯಾ ಮೇಷ್ಟ್ರೇ?" ಎಂದೆ. "ತೋರಿಸೋ ಕೈಯಲ್ಲೇ ಬೆಕ್ಕನ್ನ ಓಡಿಸಬಹುದಿತ್ತಲ್ಲ?"

ಎಲ್ಲರೂ ಬಿದ್ದುಬಿದ್ದು ನಕ್ಕರು. ತಮ್ಮನ ಹೆಂಡತಿ ನಗಲಿಲ್ಲ. "ಅತ್ತಿಗೆ, ಇನ್ನೊಂದು ಸುತ್ತು ಕಾಫಿ ಮಾಡಿ," ಎಂದಳು.

ನಾನು ಒಳಗೆ ಹೋಗಿ ಮಣೆ ತಂದೆ. ಪಟದ ಕೆಳಗೇ, ಅವರೆಲ್ಲರ ಎದುರಿಗೇ ತಲೆಗಿಟ್ಟುಕೊಂಡು ಮಲಗಿದೆ. ನಿದ್ದೆ ಬರಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದೆ. ಆಟ ಬೇಗ ಮುಗಿಯಿತು.

ಯಾರೂ ಬೈಯಲಿಲ್ಲ. ಮಾರನೆಯ ವಾರ ಅಡುಗೆಗೆ ಒಬ್ಬ ಮಲಯಾಳಿ ಹೆಂಗಸು ಬಂದಳು; ಎಲ್ಲರೂ ಅವಳನ್ನು ಚೇಚಿ ಎನ್ನುವರು, ಅಕ್ಕ ಅಂತ. "ಅಕ್ಕಾ, ನಿಂಗೂ ವಯಸ್ಸಾಯ್ತು, ಇನ್ನು ಆರಾಮಾಗಿರು," ಎಂದ ತಮ್ಮ. ಹಿಂದಿನ ಕೋಣೆಯಲ್ಲಿ ಮಂಚ ಹಾಕಿಸಿ, ಫ್ಯಾನು ಹಾಕಿಸಿಕೊಟ್ಟ. ಸಾರಿಗೆ ಉಪ್ಪು ಸಾಕೇ ಅಂತಲೂ ಈಗ ನನ್ನನ್ನು ಕೇಳುವವರಿಲ್ಲ. ಮಧ್ಯಾಹ್ನವಿಡೀ ನನ್ನದೇ. ಕಣ್ಣು ಮುಚ್ಚಿದರೆ ನಿದ್ದೆಯಿಲ್ಲ.

ಮೊನ್ನೆ ಹಾಲು ಸೀದ ವಾಸನೆ ಬಂತು. ಎದ್ದು ಹೋದೆ. ಚೇಚಿ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ಹಾಲು ಉಕ್ಕಿ ಒಲೆಯೆಲ್ಲ ಹರಿದಿತ್ತು. ನಾನು ಒಲೆ ಆರಿಸಿದೆ.

"ನೋಡಿದ್ರಾ ಅತ್ತಿಗೆ, ನಿಮ್ಮಂಥವಳೇ ಸಿಕ್ಕಿದಾಳೆ."

ತಿರುಗಿ ನೋಡಿದೆ. ತಮ್ಮನ ಹೆಂಡತಿ ಊಟದ ಮೇಜಿನ ಕಡೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಒಳಗೆ ಕಾಲಿಟ್ಟಾಗಲೇ ಅಲ್ಲಿ ಅವಳ ಸೆರಗು ಕಂಡಿತ್ತು; ನಾನು ಬರುವ ಮೊದಲಿನಿಂದಲೂ ಅಲ್ಲೇ ಇದ್ದಳು.